ವಿಡಿಯೋ ತೆರೆಯದಿದ್ದಾಗ: ಕಡತದ ದಾರಿ ಕುರಿತು ಒಂದು ಪಾಠವೀಕ್ಷಣೆ

ಮುಂಡರಗಿ ತಾಲ್ಲೂಕಿನ ಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪೈಥಾನ್ ಪಾಠ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಸಣ್ಣ ವಿಡಿಯೋವನ್ನು ಓಪನ್‌ಸಿವಿಯಲ್ಲಿ ತೆರೆದು, ಕಪ್ಪು-ಬಿಳುಪಾಗಿಸಿ ತೋರಿಸುವುದು ಪಾಠದ ಗುರಿ. ಹಿಂದಿನ ರಾತ್ರಿ ಮನೆಯಲ್ಲಿ ಸರಾಗವಾಗಿ ಓಡಿದ್ದ ಸ್ಕ್ರಿಪ್ಟ್ ತರಗತಿಯಲ್ಲಿ ದೋಷ ತೋರಿಸಿ ನಿಂತುಬಿಟ್ಟಿತು.

ದೋಷ ಸಂದೇಶ ಬಣ್ಣ ಬದಲಿಸುವ ಸಾಲನ್ನು ತೋರಿಸುತ್ತಿತ್ತು. ಅರ್ಧ ಅವಧಿ ಆ ಸಾಲನ್ನು ತಿದ್ದುವುದರಲ್ಲೇ ಕಳೆಯಿತು. ತಪ್ಪು ಅಲ್ಲಿರಲಿಲ್ಲ. ಕಡತ ಸಿಗದಿದ್ದರೂ ‘ವಿಡಿಯೋಕ್ಯಾಪ್ಚರ್’ ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ. ‘ರೀಡ್’ ಎಂದಾಗ ಚಿತ್ರದ ಬದಲು ‘ನನ್’, ಅಂದರೆ ಏನೂ ಇಲ್ಲ ಎಂಬ ಬೆಲೆ, ಕೊಡುತ್ತದೆ. ಆ ಖಾಲಿ ಬೆಲೆಯನ್ನು ಬಣ್ಣದ ಸಾಲಿಗೆ ಕೊಟ್ಟಾಗ ಗದ್ದಲವಾಗುತ್ತದೆ. ಆದ್ದರಿಂದ ತೆರೆದ ಕೂಡಲೇ ‘ಇಸ್‌ಓಪನ್ಡ್’ ಕೇಳಬೇಕೆಂದು ಪಾಠಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಆ ದಿನ ನಾನೂ ಒಂದು ತಪ್ಪು ಮಾಡಿದೆ. ಹಿಂದಿನ ಬೆಂಚಿನಿಂದ ಎದ್ದು ಹೋಗಿ, ಪೆನ್‌ಡ್ರೈವಿನ ಅಕ್ಷರ ‘ಇ’ಯಿಂದ ಶುರುವಾಗುವ ಪೂರ್ಣ ದಾರಿಯನ್ನು ಬರೆದುಕೊಟ್ಟೆ. ಆಗಲೂ ತೆರೆಯಲಿಲ್ಲ. ಫೋಲ್ಡರಿನ ಹೆಸರು ಸಣ್ಣ ‘ಎನ್’ನಿಂದ ಶುರುವಾಗುತ್ತಿತ್ತು, ಬ್ಯಾಕ್‌ಸ್ಲ್ಯಾಶ್ ಮತ್ತು ‘ಎನ್’ ಒಟ್ಟಿಗೆ ಬಂದರೆ ಪೈಥಾನಿಗೆ ಅದು ಹೊಸ ಸಾಲು, ‘ಟಿ’ ಬಂದರೆ ಟ್ಯಾಬ್. ಉದ್ಧರಣ ಚಿಹ್ನೆಯ ಮುಂದೆ ಸಣ್ಣ ‘ಆರ್’ ಹಾಕಿದಾಗ ಹಕ್ಕಿಗಳು ಕಂಡವು. ಬ್ಯಾಕ್‌ಸ್ಲ್ಯಾಶ್ ಬದಲು ನೇರ ಸ್ಲ್ಯಾಶ್ ಬರೆದಿದ್ದರೂ ವಿಂಡೋಸ್ ಒಪ್ಪುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು, ಆದರೆ ಕಲಿತದ್ದೇನೂ ಇರಲಿಲ್ಲ.

ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ಅದೇ ಪೆನ್‌ಡ್ರೈವ್ ‘ಎಫ್’ ಆಯಿತು. ಪಾಠ ಮತ್ತೆ ನಿಂತಿತು. ಈ ಸಲ ನಾನು ಏಳಲಿಲ್ಲ. ಪ್ರಶಿಕ್ಷಣಾರ್ಥಿ ಕಂಪ್ಯೂಟರ್ ಬಿಟ್ಟು ಕಪ್ಪುಹಲಗೆಗೆ ಹೋಗಿ ಕೇಳಿದರು: “ಮಾಗಡಿ ಕೆರಿಗೆ ಹೆಂಗ ಹೋಗೂದು?” ಉತ್ತರಕ್ಕೆ ಎಂದ ಒಬ್ಬ. “ಗದಗಿನ್ಯಾಗ ನಿಂತು ಕೇಳಿದ್ರ?” ದಕ್ಷಿಣಕ್ಕೆ. “ಮುಂಡರಗಿಯಿಂದ?” ಪಶ್ಚಿಮಕ್ಕೆ. ಹಿಂದಿನ ಸಾಲಿನ ಹುಡುಗಿ ಎದ್ದು, “ಮೊದಲ ನೀವು ಎಲ್ಲಿ ನಿಂತೀರಿ ಹೇಳ್ರಿ, ಆಮ್ಯಾಲೆ ದಾರಿ ಹೇಳ್ತೀನಿ” ಎಂದಳು.

ಬರಿಯ ಕಡತದ ಹೆಸರು ಕೊಟ್ಟಾಗ ಸ್ಕ್ರಿಪ್ಟಿನ ಪಾಡೂ ಇದೇ. ಅದು ಹುಡುಕುವುದು ತಾನಿರುವ ಫೋಲ್ಡರಿನಲ್ಲಲ್ಲ, ಆಗ ಚಾಲ್ತಿಯಲ್ಲಿರುವ ಫೋಲ್ಡರಿನಲ್ಲಿ. ಐಡಲ್‌ನಲ್ಲಿ ಎಫ್5 ಒತ್ತಿದರೆ ಎರಡೂ ಒಂದೇ, ಆದ್ದರಿಂದ ಮನೆಯಲ್ಲಿ ಓಡಿತ್ತು. ಶಾಲೆಯಲ್ಲಿ ಬೇರೆ ಫೋಲ್ಡರಿನಿಂದ ಟರ್ಮಿನಲ್ ಮೂಲಕ ಓಡಿಸಿದ್ದರು. ‘ಒಎಸ್.ಗೆಟ್‌ಸಿಡಬ್ಲ್ಯೂಡಿ()’ ಮುದ್ರಿಸಿದಾಗ ಮಕ್ಕಳಿಗೆ ಅದು ಕಣ್ಣಿಗೇ ಕಂಡಿತು. ‘ಪಾಥ್(__ಫೈಲ್__).ರಿಸಾಲ್ವ್().ಪೇರೆಂಟ್’ ಎಂದರೆ ಸ್ಕ್ರಿಪ್ಟ್ ಇರುವ ಫೋಲ್ಡರ್. ಅದಕ್ಕೆ ಕಡತದ ಹೆಸರು ಸೇರಿಸಿ, ‘ಎಸ್‌ಟಿಆರ್’ನಿಂದ ಪಠ್ಯವಾಗಿಸಿ ಕೊಟ್ಟ ಮೇಲೆ ಪೆನ್‌ಡ್ರೈವ್ ಯಾವ ಅಕ್ಷರವಾದರೂ ಚಿಂತೆಯಿಲ್ಲ.

ವಿಂಡೋಸ್ ಕಡತದ ಬಾಲವನ್ನು ಅಡಗಿಸುವುದರಿಂದ, ಹೆಸರು ಬದಲಿಸುವಾಗ ‘.ಎಂಪಿ4’ ಎರಡು ಸಲ ಸೇರಿಕೊಳ್ಳುವುದೂ ಉಂಟು. ಉಬುಂಟುವಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆ. ‘ಎಕ್ಸಿಸ್ಟ್ಸ್()’ ಟ್ರೂ ಎಂದರೂ ‘ಇಸ್‌ಓಪನ್ಡ್()’ ಫಾಲ್ಸ್ ಎಂದರೆ ಮಾತ್ರ ದಾರಿ ಬಿಟ್ಟು ವಿಡಿಯೋವನ್ನೇ ಅನುಮಾನಿಸಬೇಕು: ನಕಲು ಅರ್ಧಕ್ಕೆ ನಿಂತಿರಬಹುದು, ಇಲ್ಲವೇ ಆ ಯಂತ್ರದಲ್ಲಿ ಅದರ ಕೋಡೆಕ್ ಇಲ್ಲದಿರಬಹುದು.