ದೂರ ನಿಂತು ದುಡಿದ ದಿನಗಳು

2020ನೇ ಇಸವಿ. ಕೊರೊನಾ ರೋಗ ಬಂತು. ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿತ್ತು. ಬಸ್ಸಿಲ್ಲ, ಸಂತೆಯಿಲ್ಲ, ಕೂಲಿಯೂ ಇಲ್ಲ. ಪಟ್ಟಣಕ್ಕೆ ದುಡಿಯಲು ಹೋದವರು ಊರಿಗೆ ಮರಳಿದರು.

ಏಪ್ರಿಲ್ 20ರಿಂದ ಉದ್ಯೋಗ ಖಾತರಿ ಕೆಲಸಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಕರ್ನಾಟಕದಲ್ಲಿ ದಿನಕ್ಕೆ 249 ರೂಪಾಯಿ ಇದ್ದ ಕೂಲಿ ಆ ತಿಂಗಳಿಂದ 275 ಆಗಿತ್ತು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಆದರೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ದೂರ ದೂರ ನಿಲ್ಲಬೇಕು.

ಮಣ್ಣಿನ ಕೆಲಸ ಮಾಡಿದವರಿಗೆ ಗೊತ್ತು. ಒಬ್ಬರು ಅಗೆಯಬೇಕು, ಒಬ್ಬರು ತುಂಬಬೇಕು, ಒಬ್ಬರು ಹೊರಬೇಕು.

"ಅಲ್ರೀ ಅಕ್ಕಾ, ದೂರ ನಿಂತ್ರ ತುಂಬಿದ ಬುಟ್ಟಿ ತಲಿ ಮ್ಯಾಲೆ ಯಾರು ಇಡ್ತಾರ?"

ಸರಿಯಾದ ಪ್ರಶ್ನೆ. ಆದೇಶ ಬರೆದವರು ಬುಟ್ಟಿ ಹೊತ್ತವರಲ್ಲ!

ಇದಕ್ಕೆ ಹೊಲದ ಬದುವಿನ ಕೆಲಸ ಅನುಕೂಲವಾಯಿತು. ಗುಂಡಿ ತೋಡಿ, ಅದೇ ಮಣ್ಣನ್ನು ಪಕ್ಕಕ್ಕೆ ಏರಿಸಿದರೆ ಬದು. ಬುಟ್ಟಿ ಹೊತ್ತು ದೂರ ನಡೆಯುವುದಿಲ್ಲ. ಒಂದೇ ಮನೆಯ ಇಬ್ಬರಿಗೆ, ಅತ್ತೆ ಸೊಸೆಗೋ ಗಂಡ ಹೆಂಡತಿಗೋ, ಅಳತೆ ಮಾಡಿ ಒಂದು ಗುಂಡಿ ಕೊಟ್ಟರೆ ಆಯಿತು. ಪಕ್ಕದವರ ಗುಂಡಿ ಆರಡಿ ಆಚೆ. ಮಳೆ ಬಂದಾಗ ಆ ಗುಂಡಿಯಲ್ಲಿ ನೀರೂ ಇಂಗುತ್ತದೆ.

ಮೊದಲು ಎಲ್ಲರಿಗೂ ಒಂದೇ ಕೊಡ, ಒಂದೇ ಲೋಟ. ಆಗ ತಮ್ಮ ಬಾಟಲಿ ತಾವೇ ತರಬೇಕಾಯಿತು. ಹಾಜರಿಗೆ ಹೆಬ್ಬೆಟ್ಟು ಒತ್ತುವ ಮಸಿಯನ್ನೂ ಮುಟ್ಟಲು ಹೆದರಿಕೆ. ಸಹಿ ಬಲ್ಲವಳಿಗೆ ಆ ಹೆದರಿಕೆ ಇರಲಿಲ್ಲ, ಅವಳ ಪೆನ್ನು ಅವಳದೇ.

ಮುಟ್ಟಿದ್ದರಿಂದ ಈ ರೋಗ ಹರಡುವುದು ಕಡಿಮೆ, ಹತ್ತಿರದ ಉಸಿರಿನಿಂದ ಹೆಚ್ಚು ಎಂದು ಆಮೇಲೆ ತಿಳಿಯಿತು. ಬಯಲಲ್ಲಿ ಗಾಳಿ ಆಡುತ್ತದೆ. ಅಲ್ಲಿ ಅಪಾಯ ಕಡಿಮೆ. ಅಗೆಯುವ ಹೊತ್ತಿಗಿಂತ ಗುಂಪಾಗಿ ಬುತ್ತಿ ಬಿಚ್ಚುವ ಹೊತ್ತು, ಒಂದೇ ಟಂಟಂನಲ್ಲಿ ಒತ್ತಾಗಿ ಕೂತು ಬರುವ ಹೊತ್ತೇ ಹೆಚ್ಚು ಅಪಾಯದ್ದು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುವುದೂ ಊಟದ ಹೊತ್ತಿಗೇ ಅಲ್ಲವೆ?

ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. 65 ವರ್ಷ ದಾಟಿದವರು, ಬಸುರಿಯರು ಮನೆಯಲ್ಲೇ ಇರಬೇಕು. ವಯಸ್ಸಾದವರಿಗೆ ಈ ರೋಗ ಹೆಚ್ಚು ಕೆಡುಕು ಮಾಡುತ್ತದೆ, ಆ ಮಾತು ನಿಜ. ಆದರೆ ಮನೆಯಲ್ಲಿ ಕೂತವರಿಗೆ ಕೂಲಿ ಯಾರು ಕೊಡುತ್ತಾರೆ?

"ನಾ ಒಬ್ಬಾಕಿನ ಇದ್ದೀನಿ ತಂಗೀ. ಕೆಲಸಕ್ಕ ಬರಬ್ಯಾಡ ಅಂದ್ರ ಉಣ್ಣೋದೇನು?"

ಏಪ್ರಿಲ್‌ನಿಂದ ರೇಷನ್ ಚೀಟಿ ಇದ್ದವರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಸಿಗುತ್ತಿತ್ತು. ಎಣ್ಣೆಗೆ, ಉಪ್ಪಿಗೆ, ಬಿ.ಪಿ. ಗುಳಿಗೆಗೆ ರೊಕ್ಕ ಬೇಕಲ್ಲ. ಆ ಆದೇಶದಲ್ಲಿ ಕೂಲಿಯ ಮಾತೇ ಇರಲಿಲ್ಲ.

ನಿಮ್ಮ ಊರಿನಲ್ಲಿ ಇಂಥ ಅಜ್ಜಿಯರಿಗೆ ಆಗ ಏನು ದಾರಿ ಮಾಡಿದಿರಿ? ಸಂಘದಲ್ಲಿ ಮಾತಾಡಿ. ನಾಲ್ಕು ಸಾಲು ಬರೆಯಿರಿ.