ಗಾಳದಂಗಡಿ ಇಟ್ಟ ಅಳಿಯನಿಗೆ ನಾಲ್ಕು ಮಾತು

ಕೊಳ್ಳೇಗಾಲದ ನಿನ್ನ ಅಂಗಡಿಗೆ ಬಂದವರು ಮೊಬೈಲ್ ತೋರಿಸಿ, “ಇಲ್ಲಿ ಇದಕ್ಕಿಂತ ಅಗ್ಗ” ಅಂತ ಚೌಕಾಸಿ ಮಾಡ್ತಾರೆ ಅಂದೆಯಲ್ಲ, ಅದಕ್ಕೇ ಬರೀತಿದ್ದೀನಿ.

• ರಾಡು, ರೀಲಿನ ರೇಟಿನಲ್ಲಿ ಮೊಬೈಲಿನಲ್ಲಿ ಮಾರುವ ದೊಡ್ಡ ಮಳಿಗೆಯವರ ಜೊತೆ ಜಿದ್ದಿಗೆ ಬೀಳಬೇಡ. ಡೆಕಾಥ್ಲಾನ್‌ನವರು ಕ್ಯಾಪರ್ಲಾನ್ ಅಂತ ತಮ್ಮದೇ ಹೆಸರಿನ ಮಾಲು ಮಾಡಿಸಿ ಮಾರುತ್ತಾರೆ. ನಿನಗೆ ಬೀಳುವ ಅಸಲೇ ಅವರ ಮಾರಾಟದ ಬೆಲೆಗಿಂತ ಜಾಸ್ತಿ ಇದ್ದರೂ ಇರಬಹುದು. ಒಂದೆರಡು ತೂಗುಹಾಕಿರು, ಸಾಕು.

• ನಿನ್ನ ಅನ್ನ ಇರೋದು ಬಲೆಯಲ್ಲಿ. ಕೊರಿಯರ್‌ನಲ್ಲಿ ಎಷ್ಟೋ ಸಲ ಬರೋದು ಬರೀ ಜಾಲರಿ. ಮೇಲಿನ ಹಗ್ಗಕ್ಕೆ ಬೆಂಡು, ಕೆಳಗಿನದಕ್ಕೆ ಸೀಸ ಕಟ್ಟಿ, ನಡುವೆ ಹದವಾಗಿ ಸಡಿಲ ಬಿಟ್ಟರೆ ಮಾತ್ರ ಅದು ಬಲೆ. ಬಿಗಿಯಾಗಿ ಕಟ್ಟಿದ್ದಕ್ಕೆ ಮೀನು ತಾಗಿ ವಾಪಸ್ ಹೋಗುತ್ತೆ, ಸಿಕ್ಕಿಕೊಳ್ಳಲ್ಲ. ಈ ಹದ ಬಲ್ಲ ವಯಸ್ಸಾದ ಬೆಸ್ತರನ್ನ ಹೊಳೆದಂಡೆಯ ಊರುಗಳಲ್ಲಿ ಹುಡುಕಿ ಕರೆತಂದು ಅಂಗಡಿ ಜಗಲಿಯಲ್ಲೇ ಕೂರಿಸು. ಹರಿದ ಬೀಸುಬಲೆಯನ್ನೂ ಹೆಣೆದುಕೊಡಲಿ. ಅವರ ಕೂಲಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡ.

• ಬಿಡಿ ಮಾರು. ನಾಲ್ಕು ಗಾಳ, ಹತ್ತು ಮಾರು ತಂಗೂಸಿ ದಾರ ಕೇಳಿದರೂ ಮುಖ ಸಿಂಡರಿಸದೆ ಕೊಡು. ಗಾಳದ ನಂಬರ್ ತಲೆಕೆಳಗು: 12ಕ್ಕಿಂತ 6 ದೊಡ್ಡದು, 1/0 ದಾಟಿದ ಮೇಲೆ ನಂಬರ್ ಏರಿದಷ್ಟೂ ದೊಡ್ಡದು. ಇದು ತಿಳಿಯದೆ ಜಿಲೇಬಿ ಮೀನಿಗೆ ಬಾಳೆಮೀನಿನ ಗಾಳ ತರಿಸಿಕೊಂಡವನು ನಿನ್ನ ಹತ್ತಿರವೇ ಬರ್ತಾನೆ. ನಗಬೇಡ.

• ನೀರು ನೋಡಿ ಮಾಲು ತರಿಸು. ಕಬಿನಿ, ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದಾಸನಪುರ, ಮುಳ್ಳೂರಿನ ಹೊಲಗಳಿಗೇ ಹೊಳೆ ನುಗ್ಗುತ್ತೆ. ಆಗ ಬಲೆ ಯಾರಿಗೆ ಬೇಕು? ಹನೂರಿನ ಕೆರೆಗಳಿಗೆ ಹಿಂಗಾರೇ ಗತಿ. ಯಳಂದೂರಿಗಾದರೆ ಸುವರ್ಣಾವತಿ ಉಂಟು. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಗುತ್ತಿಗೆದಾರರು, ಮೀನುಗಾರರ ಸೊಸೈಟಿಯವರು ಎಳೆಬಲೆ ಹುಡುಕುತ್ತಾರೆ. ಸಂಕ್ರಾಂತಿ ಕಳೆದ ಕೂಡಲೆ ನೀನೇ ಹೋಗಿ ಮಾತಾಡಿ ಮುಂಗಡ ಹಿಡಿ.

• ಕಾರಿನಲ್ಲಿ ಬರುವ ಬೆಂಗಳೂರು ಹುಡುಗರು ಎಲ್ಲಿ ಗಾಳ ಹಾಕೋದು ಅಂತ ಕೇಳ್ತಾರೆ. ಹನೂರು ಕಡೆ ಕಾಡಿನ ಹೊಳೆ 1987ರಲ್ಲಿ ಆದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಅಲ್ಲಿ ಗಾಳ ಹಾಕಿದರೆ ಕೇಸು. ಅಲ್ಲಿನ ಡುಬ್ಬದ ಮಹಶೀರ್, ನಮ್ಮ ಬಿಳಿಮೀನು, 2018ರಿಂದ ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ವ್ಯಾಪಾರ ತಪ್ಪಿದರೂ ಇದನ್ನ ಹೇಳಿಯೇ ಕಳಿಸು.

• ಮೀನಿಗೆ ಸಿಡಿಮದ್ದು, ವಿಷ ಹಾಕೋದು 1897ರ ಕಾಯ್ದೆಯಿಂದಲೂ ಅಪರಾಧ. ಅಂಥ ಮಾತು ಎತ್ತಿದವನನ್ನ ಮೆಟ್ಟಿಲು ಹತ್ತಿಸಬೇಡ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಯನ್ನೂ ಇಡಬೇಡ. ಮರಿಯೇ ಹೋದರೆ ಬರುವ ವರ್ಷ ಬಲೆ ಕೊಳ್ಳುವವನೆಲ್ಲಿ?

• ಉದ್ರಿ ಕೊಡು, ಬರೆದಿಡು. ದೊಡ್ಡ ಮಳಿಗೆಯವರು ಕೊಡಲ್ಲ. ಮೀನು ಮಾರಿದ ದಿನ ವಸೂಲಿ ಮಾಡು, ಹಬ್ಬದ ದಿನ ಕೇಳಬೇಡ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಮೀನುಗಾರರಿಗೂ ಸಿಗುತ್ತೆ. ಎಷ್ಟೋ ಜನಕ್ಕೆ ಗೊತ್ತಿಲ್ಲ. ಅರ್ಜಿ ತುಂಬಿಕೊಡು.

• ಕೊನೆಗೆ, ನಿನ್ನ ತಕ್ಕಡಿ. ಜಾಲರಿಯನ್ನ ಕೆಜಿ ಲೆಕ್ಕದಲ್ಲಿ ಮಾರುವವನು ನೀನು. ಈ ವಾರವೇ ಅದಕ್ಕೆ ಮಾಪನ ಇಲಾಖೆಯ ಮುದ್ರೆ ಹಾಕಿಸು.