ನೀರಿಲ್ಲದ ದ್ವೀಪ

ಸುತ್ತಲೂ ನೀರಿನಿಂದ ಆವರಿಸಲ್ಪಟ್ಟ ಭೂಭಾಗವೇ ದ್ವೀಪವೆಂದು ನಾವೆಲ್ಲರೂ ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿದವರಷ್ಟೆ. ಭೂಮಧ್ಯಸಮುದ್ರದ ಸೈಪ್ರಸ್, ಅಂದರೆ ಸತ್ಯವೇದದಲ್ಲಿ ಓದುವ ಕುಪ್ರದ್ವೀಪ, ಅಂಥದು. ಅಲ್ಲಿ ಚಳಿಗಾಲದಲ್ಲಿ ಮಳೆ, ಬೇಸಗೆಯಲ್ಲಿ ಒಣಹವೆ. ಅಲ್ಲಿಯ ಬೆಟ್ಟಗಾಡುಗಳಲ್ಲಿ ಮೇಯುವ ಒಂದು ಬಗೆಯ ಕಾಡುಕುರಿಯು ಬೇರೆ ದೇಶದಲ್ಲಿ ಇಲ್ಲ. ಸಮುದ್ರವೇ ಅದಕ್ಕೆ ಬೇಲಿ. ಆದರೆ ಬೇಲಿಯು ನೀರಿನದೇ ಆಗಬೇಕೆಂಬ ನಿಯಮವೇನೂ ಇಲ್ಲ. ಅಂತಹ ದ್ವೀಪವೊಂದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಉಂಟು.

ನಮ್ಮದು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದ ಬಯಲುಸೀಮೆ. ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೆರೆಗಳೇ ಆಧಾರ. ಬಯಲಿನ ನಡುವೆ ಅಲ್ಲಲ್ಲಿ ಬೋಳುಬಂಡೆಯ ಬೆಟ್ಟಗಳು ಎದ್ದುನಿಂತಿವೆ. ಅವುಗಳ ಗುಹೆಗಳೊಳಗೆ ಬಿಸಿಲೂ ಗಾಳಿಯೂ ಹೊಗಲಾರವಾದುದರಿಂದ ಹೊರಗೆ ನೆಲ ಕಾದಿರುವಾಗಲೂ ಒಳಗೆ ತಂಪು, ತೇವ ನಿಂತಿರುತ್ತವೆ. ತೆಳುರೆಕ್ಕೆಯ ಬಾವಲಿಗಳಿಗೆ ಈ ತೇವವು ಅತ್ಯವಶ್ಯ.

ಹನುಮನಹಳ್ಳಿಯ ಅಂತಹ ಒಂದು ಗುಹೆಯಲ್ಲಿ ಪುಟ್ಟ ಬಾವಲಿಯೊಂದು ವಾಸಿಸುತ್ತದೆ. ಅದರ ಮೂಗಿನ ಮೇಲೆ ಎಲೆಯಂತೆ ಮಡಿಕೆಗಳಿವೆ. ಮೂಗಿನಿಂದ ನಮ್ಮ ಕಿವಿಗೆ ನಿಲುಕದ ಸದ್ದನ್ನು ಹೊರಡಿಸಿ, ಪ್ರತಿಧ್ವನಿಯನ್ನು ಕೇಳಿ ಕತ್ತಲಲ್ಲಿ ಹುಳುಗಳನ್ನು ಹಿಡಿಯುತ್ತದೆ. (ಹುಡುಗಿಯರ ಕೂದಲಿಗೆ ಸಿಕ್ಕಿಕೊಳ್ಳುವುದೆಂಬ ನಮ್ಮ ಹಳೆಯ ಅಂಜಿಕೆಗೆ ಆಧಾರವಿಲ್ಲ, ದಾರದಷ್ಟು ಸಣ್ಣ ಅಡ್ಡಿಯನ್ನೂ ತಪ್ಪಿಸಬಲ್ಲ ಪ್ರಾಣಿಗೆ ತಲೆಯೊಂದು ಕಾಣದೆ?) 1994ರಲ್ಲಿ ಕಾಕ್ ಮತ್ತು ಭಟ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಹೊಸ ಜಾತಿಯೆಂದು ವರ್ಣಿಸಿದರು. ಜಗತ್ತಿನಲ್ಲಿ ಕೋಲಾರ ಜಿಲ್ಲೆಯ ಹೊರಗೆ ಎಲ್ಲಿಯೂ ಇದು ಕಂಡುಬಂದಿಲ್ಲ.

ಆಗ ಇದಕ್ಕೆ ಎರಡು ನೆಲೆಗಳಿದ್ದವು: ಹನುಮನಹಳ್ಳಿ, ತೇರಹಳ್ಳಿ. ಮುಂದಿನ ಶೋಧನೆಗಳಲ್ಲಿ ತೇರಹಳ್ಳಿಯಲ್ಲಿ ಒಂದೂ ಸಿಕ್ಕಲಿಲ್ಲ. ಉಳಿದ ಗುಹೆಯಲ್ಲಿ ಎಣಿಸಿದಾಗ ಸಿಕ್ಕಿದ ಲೆಕ್ಕ ಇನ್ನೂರಕ್ಕಿಂತ ಕಡಿಮೆ. ನಮ್ಮ ಶಾಲೆಯ ಪ್ರಾರ್ಥನಾಕೂಟದಲ್ಲಿ ಸೇರುವ ಮಕ್ಕಳಷ್ಟೂ ಇಲ್ಲ! ಈ ಕುಲದ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ ಹಾಕುವುದರಿಂದ ಒಮ್ಮೆ ಕುಗ್ಗಿದ ಸಂಖ್ಯೆ ಬೇಗ ಏರದು.

ಇವುಗಳ ಶತ್ರು ಬರಗಾಲವಲ್ಲ, ಕಲ್ಲುಗಣಿ. ನಮ್ಮ ಮನೆಗಳ ಅಡಿಪಾಯಕ್ಕೂ ಕಂಬಕ್ಕೂ ಬಂಡೆ ಬೇಕು, ನಿಜ. ಆದರೆ ಸಿಡಿಮದ್ದಿನಿಂದ ಬಂಡೆ ಬಿರುಕುಬಿಟ್ಟರೆ ಗುಹೆಯೊಳಗೆ ಒಣಗಾಳಿ ನುಗ್ಗುವುದು. ಆಗ ಅಲ್ಲಿಯ ತೇವ ನಿಲ್ಲದು. ಸೈಪ್ರಸಿನ ಕುರಿ ಒಂದು ಕಾಡನ್ನು ಬಿಟ್ಟು ಮತ್ತೊಂದಕ್ಕೆ ಹೋಗಬಹುದು. ಈ ಬಾವಲಿಗೆ ಗೊತ್ತಿರುವ ಮನೆ ಒಂದೇ. 2016ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯು ಇದನ್ನು ಅಳಿವಿನ ಅತಿಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಗುಹೆಯ ಸುತ್ತಣ ನೆಲಕ್ಕೆ ಈಗ ಸರ್ಕಾರದ ರಕ್ಷಣೆ ದೊರೆತಿದೆ. ಸಂಜೆಯಾದೊಡನೆ ಗುಹೆಯ ಬಾಯಿಂದ ಅವು ಒಂದೊಂದಾಗಿ ಹೊಲಗಳ ಕಡೆಗೆ ಹಾರಿಹೋಗುತ್ತವೆ.